ಮುಟ್ಟಿ ಮುಟ್ಟಿ ಹಾಳಾಗುತ್ತಿದೆಯೇ ನಮ್ಮ ಕಂಚಿನ ಮರಿಯಾನೆ?

ಪ್ರಶ್ನೆ: ನಾವು ಕೆಲವರು ಸೇರಿ ಒಂದು ಚಿಕ್ಕ ಮ್ಯೂಸಿಯಂನ ತೋಟ ನೋಡಿಕೊಳ್ಳುತ್ತೇವೆ. ಅಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಕಂಚಿನ ಮರಿಯಾನೆ ಇದೆ. ‘ದಯವಿಟ್ಟು ಮುಟ್ಟಿ ನೋಡಿ’ ಎಂದು ಫಲಕ ಹಾಕಿದ್ದೇವೆ. ಕಣ್ಣು ಕಾಣದ ಮಕ್ಕಳ ಗುಂಪುಗಳು ಆಗಾಗ ಬರುತ್ತವೆ, ಉಳಿದ ಮಕ್ಕಳಂತೂ ಬಿಡುವುದೇ ಇಲ್ಲ. ಐದು ವರ್ಷದಲ್ಲಿ ಸೊಂಡಿಲ ತುದಿ, ಹಣೆ, ಕಿವಿಯ ಅಂಚು ಚಿನ್ನದಂತೆ ಹೊಳೆಯುತ್ತಿವೆ. ಬೆನ್ನಿನ ಮೇಲೆ ಹಸಿರು ಗೆರೆ ಇಳಿದಿವೆ. ಕಿವಿಯ ಹಿಂದೆ ತಿಳಿಹಸಿರು ಪುಡಿ ಕಾಣಿಸುತ್ತಿದೆ. ಸುತ್ತ ಹಗ್ಗ ಕಟ್ಟೋಣ ಎಂದು ಸಮಿತಿಯಲ್ಲಿ ಒಬ್ಬರು ಹೇಳುತ್ತಾರೆ. ವಾರ್ನಿಷ್ ಹೊಡೆಸೋಣ ಎನ್ನುತ್ತಾರೆ ಇನ್ನೊಬ್ಬರು. ಇಷ್ಟು ಜನ ಮುಟ್ಟಿದ್ದನ್ನು ಮಕ್ಕಳು ಮುಟ್ಟಿದರೆ ರೋಗ ಬರುತ್ತದೆ, ಕಿಲುಬು ವಿಷ ಅಂತಲೂ ಒಬ್ಬ ತಾಯಿ ಬರೆದಿದ್ದಾರೆ. ಮಧ್ಯಾಹ್ನ ಆನೆ ಸುಡುತ್ತದೆ ಅನ್ನುವ ದೂರು ಬೇರೆ. ಕಳೆದ ತಿಂಗಳು ಒಬ್ಬ ಹುಡುಗ ಬೆನ್ನಿಂದ ಜಾರಿ ಬಿದ್ದ, ಪುಣ್ಯಕ್ಕೆ ಏನೂ ಆಗಲಿಲ್ಲ. ಏನು ಮಾಡಬೇಕು?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿರುವ ಆತಂಕ ಒಂದೇ ಅನ್ನಿಸಿತು. ಮುಟ್ಟಲಿ ಅಂತಲೇ ಇಟ್ಟದ್ದನ್ನು ಮುಟ್ಟಿಸಿ ಮುಟ್ಟಿಸಿ ನಾವೇ ಹಾಳು ಮಾಡುತ್ತಿದ್ದೇವಾ, ಅಲ್ವಾ?

ಲೋಹದ ಶಿಲ್ಪಗಳನ್ನು ಉಳಿಸುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಹೊಳೆಯುವ ಸೊಂಡಿಲು ನೋಡಿ ಗಾಬರಿಯಾಗಿ ಕರೆಸಿದವರು ತುಂಬಾ ಮಂದಿ. ಹೋಗಿ ನೋಡಿದರೆ ತೊಂದರೆ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. ಕೈ ದಿನವೂ ಹೋಗುವ ಜಾಗ ಚೆನ್ನಾಗಿರುತ್ತದೆ. ಕೈ ಅಪರೂಪಕ್ಕೆ ಹೋಗುವ, ಮಳೆ ಯಾವತ್ತೂ ತಾಗದ ಜಾಗ ಕೆಟ್ಟಿರುತ್ತದೆ. ನಿಮ್ಮ ಆನೆಯ ವಿಷಯದಲ್ಲೂ ನನಗೆ ಚಿಂತೆ ಇರುವುದು ಆ ಕಿವಿಯ ಹಿಂದಿನ ಪುಡಿಯದ್ದು.

ಮೊದಲು ಹೊಳಪಿನ ವಿಷಯ. ಎರಕದಿಂದ ಹೊರಗೆ ತೆಗೆದು ಶುಚಿ ಮಾಡಿದಾಗ ಕಂಚು ಹೊಂಬಣ್ಣದಲ್ಲೇ ಇರುತ್ತದೆ. ನಾವು ನೋಡುವ ಕಂದು, ಕಪ್ಪು, ಹಸಿರು ಬಣ್ಣ ಆಮೇಲೆ ಬರಿಸಿದ್ದು. ಲೋಹವನ್ನು ಬೆಂಕಿಯಲ್ಲಿ ಬಿಸಿ ಮಾಡಿ ಕಬ್ಬಿಣದ ನೈಟ್ರೇಟ್ ಹಚ್ಚಿದರೆ ಕಂದು, ತಾಮ್ರದ ನೈಟ್ರೇಟ್ ಹಚ್ಚಿದರೆ ಹಸಿರು. ಇದನ್ನೇ ಪಟಿನಾ ಅನ್ನುತ್ತೇವೆ. ಈ ಪದರ ಕೂದಲಿಗಿಂತ ತೆಳು. ಅದರ ಕೆಳಗಿರುವ ಕಂಚಿನ ಗೋಡೆ ಈ ಅಳತೆಯ ಶಿಲ್ಪದಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು ಇರುತ್ತದೆ. ಮೇಲಿನ ಬಣ್ಣದ ಪದರ ಉಜ್ಜಿ ಹೋದ ಕೂಡಲೇ ಒಳಗಿನ ಬಂಗಾರದ ಬಣ್ಣ ಎದ್ದು ಕಾಣುತ್ತದೆ. ಕಣ್ಣಿಗೆ ದೊಡ್ಡ ಬದಲಾವಣೆ ಆದರೂ ಲೋಹದ ಲೆಕ್ಕದಲ್ಲಿ ಹೋದದ್ದು ತೀರಾ ಅಲ್ಪ.

ಹಾಗಾದರೆ ಕೈಯಿಂದ ಕಂಚು ಸವೆಯುವುದೇ ಇಲ್ವಾ? ಸವೆಯುತ್ತದೆ, ಆದರೆ ತುಂಬಾ ನಿಧಾನಕ್ಕೆ. ವ್ಯಾಟಿಕನ್‌ನ ದೊಡ್ಡ ಚರ್ಚಿನಲ್ಲಿ ಸಂತ ಪೀಟರ್‌ನ ಕಂಚಿನ ಪ್ರತಿಮೆ ಇದೆ. ಶತಮಾನಗಳಿಂದ ಜನ ಅದರ ಬಲಪಾದ ಮುಟ್ಟಿ, ಮುತ್ತಿಟ್ಟು ಬೆರಳುಗಳ ಆಕಾರವೇ ಅಳಿದುಹೋಗಿದೆ. ಆದರೆ ಅದು ಶತಮಾನಗಳ ಕಥೆ. ನಿಮ್ಮ ಆನೆಯಲ್ಲಿ ಮೊದಲು ಹೋಗುವುದು ಸಣ್ಣ ಕೆಲಸ: ಸೊಂಡಿಲ ಮಡಿಕೆಯ ಗೆರೆ, ರೆಪ್ಪೆ, ಚರ್ಮದ ಸುಕ್ಕು. ಬೆರಳಿಗಿಂತ ಉಂಗುರ, ಗಡಿಯಾರ, ಬ್ಯಾಗಿನ ಕೊಂಡಿ ಇವುಗಳಿಂದಲೇ ಹಾನಿ ಜಾಸ್ತಿ. ಫಲಕದಲ್ಲಿ ‘ಉಂಗುರ ತೆಗೆದು ಮುಟ್ಟಿ’ ಎಂದು ಒಂದು ಸಾಲು ಸೇರಿಸಿ. ಗ್ಲೌಸ್ ಮಾತ್ರ ಕೊಡಬೇಡಿ. ಬೆರಳಿನಿಂದಲೇ ನೋಡುವವರಿಗೆ ಗ್ಲೌಸ್ ಕೊಟ್ಟರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಹೊಳಪು ಮರೆಸಲು ಮತ್ತೆ ಬಣ್ಣ ಬರಿಸಬಹುದು. ನಾನು ಬೇಡ ಅನ್ನುತ್ತೇನೆ. ಎಡಿನ್‌ಬರೋದಲ್ಲಿ ಬಾಬಿ ಎಂಬ ನಾಯಿಯ ಪ್ರತಿಮೆ ಇದೆ. ಶಿಲ್ಪಿ ವಿಲಿಯಂ ಬ್ರೋಡಿ ಮಾಡಿದ್ದು, 1873ರಲ್ಲಿ ನಿಲ್ಲಿಸಿದ್ದು. ಇತ್ತೀಚಿನ ವರ್ಷಗಳಲ್ಲಿ ಪ್ರವಾಸಿಗರು ಅದರ ಮೂಗು ಉಜ್ಜಲು ಶುರು ಮಾಡಿದರು. 2013ರಲ್ಲಿ ಮೂಗಿಗೆ ಮತ್ತೆ ಕಪ್ಪು ಬಣ್ಣ ಬರಿಸಿದರು. ಸ್ವಲ್ಪ ದಿನದಲ್ಲೇ ಮೂಗು ಮತ್ತೆ ಹೊಳೆಯಿತು. ಜನರ ಕೈ ನಿಲ್ಲದ ಕಡೆ ಬಣ್ಣ ನಿಲ್ಲುವುದಿಲ್ಲ. ಆ ನಾಯಿಯನ್ನು ಮುಟ್ಟಲಿ ಅಂತ ಮಾಡಿರಲಿಲ್ಲ, ಅಲ್ಲಿ ಬೇಸರಪಡುವುದಕ್ಕೆ ಕಾರಣ ಇದೆ. ನಿಮ್ಮ ಆನೆಯನ್ನು ಮಾಡಿದ್ದೇ ಮುಟ್ಟಲಿ ಅಂತ. ಆ ಹೊಳಪು ಇಷ್ಟು ಮಕ್ಕಳು ಬಂದು ಹೋದದ್ದರ ಗುರುತು. ನನಗಂತೂ ಅದು ಶಿಲ್ಪಿ ಬಿಟ್ಟ ಕೆಲಸವನ್ನು ಮಕ್ಕಳು ಮುಂದುವರಿಸಿದ ಹಾಗೆ ಕಾಣುತ್ತದೆ.

ಈಗ ಕಿವಿಯ ಹಿಂದೆ ಬರೋಣ. ನಮ್ಮ ಬೆವರಿನಲ್ಲಿ ಉಪ್ಪು ಇದೆ, ಚರ್ಮದಲ್ಲಿ ಎಣ್ಣೆ ಮತ್ತು ಸಣ್ಣ ಪ್ರಮಾಣದ ಆಮ್ಲಗಳಿವೆ. ಸೊಂಡಿಲ ತುದಿಯಲ್ಲಿ ಒಬ್ಬರ ಬೆವರನ್ನು ಇನ್ನೊಬ್ಬರ ಕೈ ಒರೆಸುತ್ತದೆ, ಉಳಿದದ್ದನ್ನು ಮಳೆ ತೊಳೆಯುತ್ತದೆ. ಕಿವಿಯ ಹಿಂದೆ ಹಾಗಲ್ಲ. ಮಕ್ಕಳು ಅಲ್ಲಿ ಬೆರಳು ತೂರಿಸುತ್ತಾರೆ, ಬೆವರು ಉಳಿಯುತ್ತದೆ, ಮಳೆ ಒಳಗೆ ಹೋಗುವುದಿಲ್ಲ. ಧೂಳು ಕೂರುತ್ತದೆ, ತೇವ ಆರುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ತೇವ ಸಿಕ್ಕಾಗಲೆಲ್ಲ ತಿಳಿಹಸಿರು ಪುಡಿಯಾಗಿ ಹೊರಗೆ ಬರುತ್ತದೆ. ಆದರೆ ಕ್ಲೋರೈಡ್ ಮುಗಿದುಹೋಗುವುದಿಲ್ಲ, ಮತ್ತೆ ಒಳಗಿನ ತಾಮ್ರಕ್ಕೆ ಕೈ ಹಾಕುತ್ತದೆ. ಇದನ್ನು ಕಂಚಿನ ರೋಗ ಅನ್ನುತ್ತಾರೆ. ಮಣ್ಣಿನಲ್ಲಿ ಹೂತು ಸಿಕ್ಕ ಹಳೆಯ ವಸ್ತುಗಳಲ್ಲಿ ಇದು ಜಾಸ್ತಿ. ಹೊರಗಿನ ಶಿಲ್ಪಗಳಲ್ಲಿ ಇಂಥ ಮರೆಯ ಮೂಲೆಗಳಲ್ಲಿ, ಸಮುದ್ರದ ಗಾಳಿ ಇರುವ ಕಡೆ ಕಾಣುತ್ತದೆ.

ಹಸಿರೆಲ್ಲ ರೋಗ ಅಲ್ಲ. ಬೆನ್ನಿನ ಗೆರೆಗಳು ಮಳೆನೀರು ಹರಿದ ದಾರಿ. ಅವು ಲೋಹಕ್ಕೆ ಬಿಗಿಯಾಗಿ ಅಂಟಿದ್ದರೆ ತೊಂದರೆ ಇಲ್ಲ. ಕಂಚಿನ ರಕ್ಷಣೆಗೆ ಹಚ್ಚುವ ಮೇಣ ಅಲ್ಲಿ ಹೋಗಿದೆ ಅಂತ ಮಾತ್ರ ಅರ್ಥ. ಪರೀಕ್ಷೆ ಸುಲಭ. ಮರದ ಕಡ್ಡಿಯಿಂದ ಕಿವಿಯ ಹಿಂದಿನ ಪುಡಿಯನ್ನು ಮೆಲ್ಲಗೆ ತೆಗೆಯಿರಿ. ಮೆತ್ತಗಿನ ಬ್ರಷ್‌ನಿಂದ ಧೂಳು ಹೊಡೆದು ಫೋಟೊ ತೆಗೆದಿಡಿ. ಒಂದು ವಾರ ಬಿಟ್ಟು ನೋಡಿ. ಪುಡಿ ಅದೇ ಚುಕ್ಕೆಗಳಲ್ಲಿ ಮತ್ತೆ ಬಂದಿದ್ದರೆ, ಕೆಳಗೆ ಸಣ್ಣ ಗುಳಿ ಕಂಡರೆ, ಲೋಹ ಸಂರಕ್ಷಕರನ್ನು ಕರೆಸಿ. ಅವರು ಆ ಭಾಗ ಶುಚಿ ಮಾಡಿ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಿಂದ ಉಪಚಾರ ಮಾಡುತ್ತಾರೆ. ಅದನ್ನು ನೀವೇ ತಂದು ಹಚ್ಚಲು ಹೋಗಬೇಡಿ. ಆರೋಗ್ಯಕ್ಕೆ ಒಳ್ಳೆಯದಲ್ಲ, ಮಕ್ಕಳು ಮುಟ್ಟುವ ಕಡೆಯಂತೂ ಕೆಲಸ ಮುಗಿದ ಮೇಲೆ ಅದರ ಮೇಲೆ ಮೇಣದ ರಕ್ಷಣೆ ಬೇಕೇ ಬೇಕು.

ಇನ್ನೊಂದು ಮಾತು. ನೀವು ಕಳಿಸಿದ ಫೋಟೊದಲ್ಲಿ ಆನೆಯ ಪಕ್ಕದಲ್ಲೇ ಹುಲ್ಲಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಕಾಣುತ್ತಿದೆ. ನನಗೆ ಅದರ ಮೇಲೆ ಅನುಮಾನ ಜಾಸ್ತಿ. ನೆಲದಡಿಯ ನೀರಿನಲ್ಲಿ ಲವಣ ಇರುತ್ತದೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ದಿನವೂ ಹಾರಿ ಕಿವಿಯ ಹಿಂದೆ ಕೂತು ಒಣಗಿದರೆ ಉಪ್ಪು ಅಲ್ಲೇ ಸೇರುತ್ತಾ ಹೋಗುತ್ತದೆ. ಗೊಬ್ಬರದ ಪುಡಿಯೂ ಹಾಗೇ. ಒಂದು ತೋಟದಲ್ಲಿ ಕಂಚಿನ ಕುದುರೆಯ ಮೇಲೆ ಸವಾರಿ ಮಾಡುವ ಮಕ್ಕಳನ್ನು ಬೈದು ಬೈದು ಸುಸ್ತಾಗಿದ್ದರು. ನೋಡಿದರೆ ಕುದುರೆಯ ಒಂದೇ ಮಗ್ಗುಲು ಕೆಟ್ಟಿತ್ತು, ಸ್ಪ್ರಿಂಕ್ಲರ್ ಕಡೆಗಿನದು. ಮಕ್ಕಳು ಎರಡೂ ಕಡೆಯಿಂದ ಹತ್ತುತ್ತಿದ್ದರು.

ಇಂಥ ಶಿಲ್ಪದ ಹತ್ತಿರ ಹೋದಾಗ ನಾನು ಮೊದಲು ನೆಲದ ಮೇಲೆ ಮಲಗಿ ಹೊಟ್ಟೆಯ ಕೆಳಭಾಗ ನೋಡುತ್ತೇನೆ. ಕಂಚಿನ ಪ್ರಾಣಿ ಒಳಗೆ ಪೊಳ್ಳು. ಒಳಗೆ ಸೇರಿದ ನೀರು, ಹನಿಗಟ್ಟಿದ ತೇವ ಹೊರಗೆ ಹೋಗಲು ಪಾದದಲ್ಲೋ ಹೊಟ್ಟೆಯಲ್ಲೋ ಸಣ್ಣ ತೂತು ಇರಬೇಕು. ಅದು ಮಣ್ಣಿನಿಂದ ಮುಚ್ಚಿಹೋಗಿದ್ದರೆ ನೀರು ಒಳಗೇ ನಿಲ್ಲುತ್ತದೆ. ಎರಕ ಹೊಯ್ಯುವಾಗ ಒಳಗಿಟ್ಟ ಕಬ್ಬಿಣದ ಸರಳು ಕೆಲವೊಮ್ಮೆ ಹಾಗೇ ಉಳಿದಿರುತ್ತದೆ. ಕಂಚು ಮತ್ತು ಕಬ್ಬಿಣ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಬೆಸುಗೆಯನ್ನೇ ಬಿರಿಸಬಲ್ಲದು. ಹೊಟ್ಟೆಯ ಕೆಳಗೆ, ಕಾಲಿನ ಬಳಿ ಕೆಂಪು ತುಕ್ಕಿನ ಕಲೆ ಇದೆಯಾ ನೋಡಿ. ಇದ್ದರೆ ಅದು ಕಿವಿಯ ಪುಡಿಗಿಂತ ತುರ್ತು.

ರೋಗದ ಭಯಕ್ಕೆ ಬರುತ್ತೇನೆ. ಆ ತಾಯಿಗೆ ಹೀಗೆ ಉತ್ತರ ಕೊಡಿ. ಬರಿಯ ತಾಮ್ರ ಮತ್ತು ತಾಮ್ರ ಹೆಚ್ಚಿರುವ ಮಿಶ್ರಲೋಹಗಳ ಮೇಲೆ ಬ್ಯಾಕ್ಟೀರಿಯಾಗಳು ಕೆಲವು ಗಂಟೆಗಳಲ್ಲಿ ಸಾಯುತ್ತವೆ. ಈ ಗುಣವನ್ನು ಒಪ್ಪಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಇಂಥ ಲೋಹಗಳನ್ನು ನೋಂದಾಯಿಸಿತು. ಬಾಗಿಲ ಹಿಡಿಗಿಂತ ನಿಮ್ಮ ಆನೆ ಹೆಚ್ಚು ಅಪಾಯಕಾರಿ ಏನಲ್ಲ. ಹಾಗಂತ ಅದನ್ನೇ ನಂಬಿ ಕೂರಬೇಡಿ. ಮೇಣ ಹಚ್ಚಿದ ಕಡೆ ತಾಮ್ರಕ್ಕೂ ಕೈಗೂ ನಡುವೆ ಪದರ ಇರುತ್ತದೆ, ಆಗ ಈ ಗುಣ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹತ್ತಿರ ಕೈ ತೊಳೆಯಲು ಒಂದು ನಲ್ಲಿ ಇರಲಿ. ಮುಟ್ಟುವ ಮೊದಲು ತೊಳೆದರೆ ಆನೆಗೆ ಒಳ್ಳೆಯದು, ಮುಟ್ಟಿದ ಮೇಲೆ ತೊಳೆದರೆ ಮಕ್ಕಳಿಗೆ ಒಳ್ಳೆಯದು. ಕಂಚು ಮುಟ್ಟಿದ ಕೈಗೆ ಒಂದು ವಾಸನೆ ಬರುತ್ತದಲ್ಲ, ಅದು ಲೋಹದ್ದಲ್ಲ. ನಮ್ಮ ಚರ್ಮದ ಎಣ್ಣೆ ಲೋಹದ ಜೊತೆ ಸೇರಿ ಹುಟ್ಟಿಸುವ ವಾಸನೆ ಅದು.

ಕಿಲುಬನ್ನು ನೆಕ್ಕಿದರೆ, ನುಂಗಿದರೆ ಹೊಟ್ಟೆ ಕೆಡುತ್ತದೆ. ಮುಟ್ಟಿದರೆ ವಿಷ ಏರುವುದಿಲ್ಲ. ಆದರೆ ಆ ತಾಯಿ ಕೇಳದೇ ಇರುವ ಒಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ: ಸೀಸ. ಕಂಚು ಅಂದರೆ ಒಂದೇ ಲೋಹ ಅಲ್ಲ. ತಾಮ್ರಕ್ಕೆ ತವರ ಸೇರಿಸಿದ್ದು ಇದೆ, ಸಿಲಿಕಾನ್ ಸೇರಿಸಿದ್ದು ಇದೆ. ಶೇ. 85 ತಾಮ್ರಕ್ಕೆ ತವರ, ಸತು, ಸೀಸ ಶೇ. 5ರಂತೆ ಬೆರೆಸಿದ್ದೂ ಇದೆ. ಇದು ಚೆನ್ನಾಗಿ ಹರಿಯುತ್ತದೆ, ಕೆತ್ತಲು ಸುಲಭ, ಅದಕ್ಕೇ ಬಳಸುತ್ತಾರೆ. ಎತ್ತರದ ಪೀಠದ ಮೇಲಿನ ಪ್ರತಿಮೆಗೆ ಇದರಿಂದ ತೊಂದರೆ ಇಲ್ಲ. ಪುಟ್ಟ ಮಕ್ಕಳು ಮುಟ್ಟಿ ಬೆರಳು ಬಾಯಿಗೆ ಹಾಕುವ ಸೊಂಡಿಲಿಗೆ ಇದು ಬೇಡ. ಅದೂ ಪಟಿನಾ ಉಜ್ಜಿಹೋಗಿ ಬರಿ ಲೋಹ ಕಾಣುವ ಕಡೆ. ಎರಕದವರ ಹತ್ತಿರ ಮಿಶ್ರಣದ ವಿವರ ಬರವಣಿಗೆಯಲ್ಲಿ ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ಎಕ್ಸ್‌ರೇ ಬಿಟ್ಟು ಲೋಹ ಪರೀಕ್ಷಿಸುವ, ಕೈಯಲ್ಲಿ ಹಿಡಿಯುವ ಯಂತ್ರ ಇದೆ. ಶಿಲ್ಪಕ್ಕೆ ಗೀರೂ ಬೀಳದೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸೀಸ ಇದೆ ಅಂತಾದರೆ ಮಾತ್ರ ನಾನು ಮುಂದೆ ಹೇಳುವ ಸಲಹೆ ಬದಲಾಗುತ್ತದೆ. ಆಗ ಮುಟ್ಟಿಸುವುದನ್ನು ನಿಲ್ಲಿಸಿ, ಮುಟ್ಟಲು ಬೇರೆಯದನ್ನು ಕೊಡಿ.

ಬಿಸಿಲಿನ ದೂರು ಸಣ್ಣದಲ್ಲ. ಗಾಢ ಬಣ್ಣದ ಕಂಚು ನೇರ ಬಿಸಿಲಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಮೇಲ್ಮೈ ಬಿಸಿಗೆ ಅಂತರರಾಷ್ಟ್ರೀಯ ಮಾನದಂಡ ಇದೆ. ಬರಿ ಲೋಹವನ್ನು ಒಂದು ನಿಮಿಷ ಹಿಡಿದರೆ 51 ಡಿಗ್ರಿಯಿಂದಲೇ ಸುಟ್ಟ ಗಾಯ ಆಗಬಹುದು, ಹತ್ತು ನಿಮಿಷಕ್ಕೆ 48 ಡಿಗ್ರಿ ಸಾಕು. ಕಣ್ಣಿರುವವರು ಚುರ್ ಅಂದ ಕೂಡಲೇ ಕೈ ತೆಗೆಯುತ್ತಾರೆ. ಬೆರಳಿನಿಂದ ನೋಡುವವರು ನಿಧಾನವಾಗಿ, ಅಂಗೈ ಒತ್ತಿ ಮುಟ್ಟುತ್ತಾರೆ. ಅವರಿಗಾಗಿಯೇ ಇಟ್ಟ ಶಿಲ್ಪ ಅವರಿಗೇ ಸುಟ್ಟರೆ ಹೇಗೆ? ಮಧ್ಯಾಹ್ನ ಎರಡರಿಂದ ಮೂರು ಗಂಟೆಯೊಳಗೆ ಅಳೆದು ನೋಡಿ. ದೂರದಿಂದ ಗುರಿಯಿಟ್ಟು ಅಳೆಯುವ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ತಪ್ಪು ತೋರಿಸುತ್ತದೆ, ನಿಜಕ್ಕಿಂತ ತಣ್ಣಗಿದೆ ಅನ್ನುತ್ತದೆ. ಕಾಗದದ ಟೇಪಿನ ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೆ ಅಳೆಯಿರಿ. ಪರಿಹಾರ ಅಂದರೆ ನೆರಳು. ಅಂಟು ಸುರಿಸುವ, ಹಕ್ಕಿ ತುಂಬಾ ಕೂರುವ ಮರದ ಕೆಳಗೆ ಮಾತ್ರ ಬೇಡ. ಬಟ್ಟೆಯ ಚಪ್ಪರವೂ ಆಗುತ್ತದೆ.

ಹುಡುಗ ಬಿದ್ದ ವಿಷಯ. ‘ಮುಟ್ಟಿ’ ಅಂದರೆ ಮಕ್ಕಳಿಗೆ ‘ಮೇಲೆ ಹತ್ತಿ’ ಅಂತ ಕೇಳಿಸುತ್ತದೆ. ಅದನ್ನು ಒಪ್ಪಿಕೊಂಡೇ ಏರ್ಪಾಡು ಮಾಡಿ. ಆಟದ ಮೈದಾನದ ಸಾಮಾನಿಗೆ ಇರುವ ಯುರೋಪಿನ ನಿಯಮದಲ್ಲಿ 60 ಸೆಂ.ಮೀ.ಗಿಂತ ಎತ್ತರದಿಂದ ಬೀಳುವ ಸಾಧ್ಯತೆ ಇದ್ದರೆ ಕೆಳಗೆ ಮೆತ್ತಗಿನ ನೆಲ ಇರಬೇಕು. ನಿಮ್ಮ ಆನೆಯ ಬೆನ್ನು ಅದಕ್ಕಿಂತ ಎತ್ತರ, ಕೆಳಗೆ ಕಲ್ಲುಹಾಸು ಇದೆ. ಮರದ ಚಕ್ಕೆಯೋ ರಬ್ಬರ್ ಹಾಸೋ ಹಾಕಿ. ಸೊಂಡಿಲು ಮತ್ತು ಮುಂಗಾಲಿನ ನಡುವಿನ ಸಂದು ಅಳೆಯಿರಿ. 9ರಿಂದ 23 ಸೆಂ.ಮೀ. ಒಳಗಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯ ಇದೆ. ಆಮೇಲೆ ಇಬ್ಬರು ದೊಡ್ಡವರು ಬೆನ್ನನ್ನು ಎರಡೂ ಕಡೆಯಿಂದ ತಳ್ಳಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ತಳದ ಬೋಲ್ಟ್ ಪರೀಕ್ಷಿಸಬೇಕು.

ಬಿಳಿ ಕೋಲು ಹಿಡಿದು ಬರುವವರ ಕಡೆಯಿಂದಲೂ ಒಮ್ಮೆ ನೋಡಿ. ಕೋಲು ನೆಲದ ಹತ್ತಿರ ಇರುವುದನ್ನು ಮಾತ್ರ ಹಿಡಿಯುತ್ತದೆ. ಹತ್ತಿರಹತ್ತಿರ 70 ಸೆಂ.ಮೀ.ಗಿಂತ ಮೇಲೆ ಗಾಳಿಯಲ್ಲಿ ಚಾಚಿದ್ದು ಕೋಲಿಗೆ ಸಿಗುವುದಿಲ್ಲ, ನೇರ ಎದೆಗೆ ಬಡಿಯುತ್ತದೆ. ಅಮೆರಿಕದ ನಿಯಮದಲ್ಲಿ ಇಂಥ ಚಾಚು 10 ಸೆಂ.ಮೀ. ದಾಟಬಾರದು. ನಿಮ್ಮ ಆನೆ ಸೊಂಡಿಲೆತ್ತಿ ನಿಂತಿದೆ. ಅದರ ಕೆಳಗೆ ಸೊಂಡಿಲಿನಷ್ಟೇ ಮುಂದೆ ಬರುವ ಹಾಗೆ ಒಂದು ಗಿಡ್ಡ ಕಟ್ಟೆ ಕಟ್ಟಿಸಿದರೆ ಕೋಲು ಮೊದಲು ಅದಕ್ಕೆ ತಾಗುತ್ತದೆ.

ಮತ್ತೊಂದು ವಿಷಯ ನನಗೆ ಹೇಳಿಕೊಟ್ಟದ್ದು ಕಣ್ಣು ಕಾಣದ ಒಬ್ಬ ಹುಡುಗಿ. ಒಂದು ದೊಡ್ಡ ಕರಡಿಯ ಶಿಲ್ಪವನ್ನು ಹತ್ತು ನಿಮಿಷ ಮುಟ್ಟಿ, ‘ಇದು ಎಲ್ಲಿ ಮುಗಿಯುತ್ತದೆ?’ ಎಂದು ಕೇಳಿದಳು. ಕಣ್ಣು ಇಡೀ ಪ್ರಾಣಿಯನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಕೈ ತುಂಡು ತುಂಡಾಗಿ ಕಂಡದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಎರಡು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಾದರಿಯೊಂದು ಪಕ್ಕದಲ್ಲಿದ್ದರೆ ಮೊದಲು ಇಡೀ ಆಕಾರ ಗೊತ್ತಾಗುತ್ತದೆ, ಆಮೇಲೆ ದೊಡ್ಡದರಲ್ಲಿ ವಿವರ ಹುಡುಕುತ್ತಾರೆ. ಇಟಲಿಯ ಅಂಕೋನಾದಲ್ಲಿ ಮುಟ್ಟಿ ನೋಡಲೆಂದೇ 1993ರಲ್ಲಿ ಹುಟ್ಟಿದ ಒಮೆರೊ ಮ್ಯೂಸಿಯಂ ಇದೆ. ಅದರ ಹಿಂದೆ ಇರುವವರು ಕಣ್ಣು ಕಾಣದ ದಂಪತಿ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳನ್ನೇ ಕೈಗೆ ಸಿಗುವ ಮಾದರಿಗಳಾಗಿ ಇಟ್ಟಿದ್ದಾರೆ.

ಇಷ್ಟಾದ ಮೇಲೆ ನಿಮ್ಮ ಸಮಿತಿಯ ಮುಂದಿರುವ ದಾರಿಗಳು. ಹಗ್ಗ ಕಟ್ಟುವುದು ಸುಲಭ. ಆದರೆ ಹಗ್ಗ ಕಟ್ಟಿದರೆ ಕಿವಿಯ ಹಿಂದಿನ ಉಪ್ಪು ಹೋಗುವುದಿಲ್ಲ, ಸ್ಪ್ರಿಂಕ್ಲರ್ ನಿಲ್ಲುವುದಿಲ್ಲ. ಯಾರೂ ಹತ್ತಿರ ಹೋಗದ ಶಿಲ್ಪ ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ಕಾಣದ ಮಕ್ಕಳಿಗಂತೂ ಹಗ್ಗದಾಚೆಯ ಆನೆ ಇಲ್ಲದ ಆನೆಯೇ.

ವಾರ್ನಿಷ್ ಬೇಡ. ಹೊರಗಿನ ಕಂಚಿಗೆ ಅಂತಲೇ ಅಕ್ರಿಲಿಕ್ ಲೇಪನ ಇದೆ, ಕೈ ತಾಗದ ಎತ್ತರದ ಪ್ರತಿಮೆಗಳಲ್ಲಿ ಕೆಲವು ವರ್ಷ ಚೆನ್ನಾಗಿ ಬಾಳುತ್ತದೆ. ಕೈ ಉಜ್ಜುವ ಕಡೆ ಅದು ಸಿಪ್ಪೆ ಏಳುತ್ತದೆ. ಆ ಅಂಚಿನಿಂದ ನೀರು ಒಳನುಗ್ಗಿ ಲೇಪನದ ಅಡಿಯಲ್ಲಿ ಲೋಹ ತಿನ್ನುತ್ತದೆ. ತೆಗೆಯಲು ಕಟು ದ್ರಾವಕ ಬೇಕು. ಅದಕ್ಕಿಂತ ಮುಖ್ಯವಾಗಿ, ಮುಟ್ಟಿದರೆ ಪ್ಲಾಸ್ಟಿಕ್ ಮುಟ್ಟಿದ ಹಾಗಿರುತ್ತದೆ.

ನಕಲು ಮಾಡಿಸುವುದು ಮರ್ಯಾದೆಯ ದಾರಿ. ಫ್ಲಾರೆನ್ಸ್‌ನ ಮಾರುಕಟ್ಟೆಯಲ್ಲಿ ಜನ ಮೂತಿ ಉಜ್ಜುವ ಕಂಚಿನ ಕಾಡುಹಂದಿ ಇದೆಯಲ್ಲ, ಅದು ನಕಲು. 17ನೇ ಶತಮಾನದಲ್ಲಿ ಶಿಲ್ಪಿ ಪಿಯೆತ್ರೊ ತಕ್ಕಾ ಮಾಡಿದ ಮೂಲ ಹಂದಿ ಈಗ ಬಾರ್ಡಿನಿ ಮ್ಯೂಸಿಯಂನ ಒಳಗಿದೆ. ಆದರೆ ನಕಲಿಗೆ ಶಿಲ್ಪಿಯ ಒಪ್ಪಿಗೆ ಬೇಕು. ಖರ್ಚು ಉಳಿಸಲು ಫೈಬರ್‌ಗ್ಲಾಸ್‌ನಲ್ಲಿ ಮಾಡಿಸಿದರೆ ಬಿಸಿಲಿಗೆ ಮೇಲಿನ ಪದರ ಬಿರುಕು ಬಿಟ್ಟು ಗಾಜಿನ ಎಳೆ ಬೆರಳಿಗೆ ಚುಚ್ಚುತ್ತದೆ. ಕಂಚಿನ ತಂಪು, ತಟ್ಟಿದರೆ ಬರುವ ದನಿ, ಎರಡೂ ಇರುವುದಿಲ್ಲ. ಆನೆ ಬಹಳ ಹಳೆಯದಾಗಿದ್ದರೆ ಅಥವಾ ಸೀಸ ಸಿಕ್ಕಿದರೆ ಈ ದಾರಿ ಹಿಡಿಯಿರಿ.

ಇಲ್ಲವಾದರೆ ನನ್ನ ಮತ ಮುಟ್ಟಿಸುತ್ತಲೇ ನೋಡಿಕೊಳ್ಳುವುದಕ್ಕೆ. ತಿಂಗಳಿಗೊಮ್ಮೆ ಮೃದುವಾದ ಸೋಪಿನ ನೀರು, ಮೆತ್ತಗಿನ ಬ್ರಷ್, ಆಮೇಲೆ ಧಾರಾಳ ಶುದ್ಧ ನೀರು. ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಬಾಯಿಯ ಒಳಗೆ ಮರೆಯದೆ ತೊಳೆದು ಬಟ್ಟೆಯಿಂದ ಒರೆಸಿ. ಹುಳಿ, ಉಪ್ಪು, ಪಾತ್ರೆ ತಿಕ್ಕುವ ಪುಡಿ, ಲೋಹದ ಪಾಲಿಶ್, ರಭಸವಾಗಿ ನೀರು ಚಿಮ್ಮುವ ಯಂತ್ರ ಯಾವುದೂ ಬೇಡ. ವರ್ಷಕ್ಕೆ ಎರಡು ಸಲ ಮೈಕ್ರೊಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ಮಾಡುವ ಗಟ್ಟಿ ಮೇಣ) ತೆಳ್ಳಗೆ ಹಚ್ಚಿ ಉಜ್ಜಿ. ಮಕ್ಕಳು ಹೆಚ್ಚು ಮುಟ್ಟುವ ಕಡೆ ಇನ್ನೂ ಒಂದೆರಡು ಸಲ. ಬರಿ ಜೇನುಮೇಣ ಬೇಡ, ಅದು 62-64 ಡಿಗ್ರಿಗೆ ಕರಗುತ್ತದೆ. ಅದಕ್ಕೂ ಮೊದಲೇ ಬಿಸಿಲಿಗೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮೇಣ ದಪ್ಪ ಹಚ್ಚಿದರೆ ಸುಕ್ಕಿನ ಗೆರೆಗಳೇ ತುಂಬಿಹೋಗುತ್ತವೆ, ಬೆರಳಿಗೆ ಏನೂ ಸಿಗುವುದಿಲ್ಲ. ಪ್ರತಿ ಸಲ ಅದೇ ಆರು ಕಡೆಯಿಂದ ಫೋಟೊ ತೆಗೆದು ದಿನಾಂಕ ಬರೆದಿಡಿ. ಸೊಂಡಿಲ ಮಡಿಕೆ ಸವೆಯುತ್ತಿದೆಯಾ ಎಂಬ ವಾದಕ್ಕೆ ಹತ್ತು ವರ್ಷದ ನಂತರ ಉತ್ತರ ಕೊಡುವುದು ಆ ಫೋಟೊಗಳೇ.

ನಾಳೆ ಬೆಳಿಗ್ಗೆ ಸ್ಪ್ರಿಂಕ್ಲರ್ ತಿರುಗಿಸಿ, ಹೊಟ್ಟೆಯ ಕೆಳಗಿನ ತೂತು ತೆರೆದಿದೆಯಾ ನೋಡಿ, ಎರಕದವರಿಗೆ ಫೋನ್ ಮಾಡಿ. ಕಲ್ಲುಹಾಸಿನ ಮೇಲೆ ಮೆತ್ತಗಿನದೇನಾದರೂ ಹಾಕುವ ತನಕ ಮಕ್ಕಳ ಗುಂಪು ಬಂದಾಗ ಒಬ್ಬರು ಆನೆಯ ಪಕ್ಕದಲ್ಲಿ ನಿಂತಿರಿ. ಒಂದು ವಾರದ ನಂತರ ಕಿವಿಯ ಹಿಂದಿನ ಫೋಟೊ ಕಳಿಸಿ, ಪುಡಿ ಮತ್ತೆ ಬಂದಿದೆಯೋ ಇಲ್ಲವೋ ಒಟ್ಟಿಗೆ ನೋಡೋಣ.